ಮಷೀನ್ ಮ್ಯಾಲ ಇಟ್ಟವರ ಲೆಕ್ಕ ಯಾರ ಹತ್ರ ಐತಿ?

ಸಂಕೇಶ್ವರದಲ್ಲಿ ಯಾರದಾದರೂ ಜೀವ ಗಂಟಲಿಗೆ ಬಂತೆಂದರೆ ಮನೆಯವರು ಮೊದಲು ದಿಕ್ಕು ತೀರ್ಮಾನಿಸಬೇಕು. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ದಕ್ಷಿಣಕ್ಕೆ ತಿರುಗಿದರೆ ಬೆಳಗಾವಿ, ಉತ್ತರಕ್ಕೆ ತಿರುಗಿದರೆ ನಿಪ್ಪಾಣಿ, ಕೊಗನೊಳ್ಳಿ ದಾಟಿ ಕೊಲ್ಹಾಪುರ. ಒಂದು ಐವತ್ತು ಕಿಲೋಮೀಟರ್ ಆಸುಪಾಸು, ಇನ್ನೊಂದು ಅರವತ್ತು. ಬೀಗರು ಯಾವ ಕಡೆ ಇದ್ದಾರೆ, ಯಾವ ದವಾಖಾನೆಯಲ್ಲಿ ಪರಿಚಯದ ಡಾಕ್ಟರ್ ಇದ್ದಾರೆ, ಕಾರ್ಡು ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ಸ್ಟೇರಿಂಗ್ ತಿರುಗುತ್ತದೆ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಹಳ್ಳಿಗಳಿಂದ ಹೊರಟವರಿಗೆ ಹೆದ್ದಾರಿ ಹತ್ತುವ ಮೊದಲೇ ಇನ್ನಷ್ಟು ದಾರಿ ಸವೆದಿರುತ್ತದೆ. ಕಬ್ಬಿನ ಹಂಗಾಮಿನಲ್ಲಾದರೆ ಮುಂದೆ ಎರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರ್ ಇದ್ದೇ ಇರುತ್ತದೆ.

ಈ ದಾರಿಯುದ್ದಕ್ಕೂ ರೋಗಿಯ ಉಸಿರು ಒಬ್ಬ ಮನುಷ್ಯನ ಕೈಯಲ್ಲಿ ಇರುವುದುಂಟು. ಆಂಬು ಬ್ಯಾಗ್ ಎಂದು ಎಲ್ಲರೂ ಕರೆಯುವ ರಬ್ಬರ್ ಚೀಲ ಅದು. ಒಂದು ತುದಿಗೆ ಆಮ್ಲಜನಕದ ನಳಿಗೆ, ಇನ್ನೊಂದು ತುದಿ ರೋಗಿಯ ಬಾಯಿಗೆ ಇಟ್ಟ ಮಾಸ್ಕಿಗೆ ಅಥವಾ ಗಂಟಲಿಗೆ ಇಳಿಸಿದ ಟ್ಯೂಬಿಗೆ. ಐದಾರು ಸೆಕೆಂಡಿಗೊಮ್ಮೆ, ಎದೆ ತುಸು ಮೇಲೇಳುವಷ್ಟು ಮಾತ್ರ ಹಿಂಡಬೇಕು. ದೊಡ್ಡವರ ಚೀಲದಲ್ಲಿ ಒಂದೂವರೆ ಲೀಟರಿನಷ್ಟು ಗಾಳಿ ಹಿಡಿಯುತ್ತದೆ, ಬೇಕಾಗಿರುವುದು ಅದರ ಮೂರನೇ ಒಂದು ಪಾಲು. ಆದರೆ ಪಕ್ಕದಲ್ಲಿ ಹೆಂಡತಿ ಎದೆ ಬಡಿದುಕೊಳ್ಳುತ್ತಿರುವಾಗ, ಗಾಡಿ ಉಬ್ಬು ಹಾರುತ್ತಿರುವಾಗ, ಹಿಂಡುವವನ ಕೈ ತಾನಾಗಿಯೇ ಜೋರಾಗುತ್ತದೆ. ನಿಮಿಷಕ್ಕೆ ಹನ್ನೆರಡು ಬೇಕಾದಲ್ಲಿ ಮೂವತ್ತು. ಹೆಚ್ಚು ಗಾಳಿ ಹೋದರೆ ಒಳ್ಳೆಯದೇ ಅಲ್ಲವೇ ಎಂದು ನೋಡುವವರಿಗೂ ಅನಿಸುತ್ತದೆ.

ಡಾಕ್ಟರುಗಳಿಗೂ ಬಹಳ ಕಾಲ ಹಾಗೇ ಅನಿಸಿತ್ತು. ನಾನು ಹೇಳಹೊರಟಿರುವ ವಿಷಯ ಇಲ್ಲಿಂದಲೇ ಶುರುವಾಗುತ್ತದೆ.

ಇಂದಿನ ಐಸಿಯು ಹುಟ್ಟಿದ್ದೇ ಕೈಯಿಂದ ಚೀಲ ಹಿಂಡುವುದರಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ, ಉಸಿರಾಟದ ಸ್ನಾಯುಗಳು ಸೋತವರು ಸಾಲುಸಾಲಾಗಿ ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯ ಕತ್ತಿನಲ್ಲಿ ರಂಧ್ರ ಮಾಡಿಸಿ, ನಳಿಗೆ ಹಾಕಿ, ಚೀಲದಿಂದ ಉಸಿರು ಕೊಟ್ಟು ಉಳಿಸಿ ತೋರಿಸಿದರು. ಆಮೇಲೆ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲು ರಾತ್ರಿ ಕೂತು ರೋಗಿಗಳಿಗೆ ಉಸಿರು ಹಿಂಡಿದರು. ಉಸಿರಾಟವೇ ಕೈಕೊಟ್ಟ ರೋಗಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲಿದ್ದ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದನ್ನು ಕಣ್ಣಿಂದಲೇ ನೋಡಬಹುದಿತ್ತು, ಯಾವ ಸಂಶೋಧನೆಯೂ ಬೇಕಿರಲಿಲ್ಲ. ಯಂತ್ರ ಬಂತು, ಕೈ ಬಿಡುವು ಕಂಡಿತು. ಆದರೆ ಆ ಯಂತ್ರ ಒಂದು ಉಸಿರಿಗೆ ಎಷ್ಟು ಗಾಳಿ ತಳ್ಳಬೇಕು ಎಂಬುದನ್ನು ನಿಜವಾದ ಪರೀಕ್ಷೆಗೆ ಹಚ್ಚುವ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು.

2000ದಲ್ಲಿ ಅಮೆರಿಕದ ಆಸ್ಪತ್ರೆಗಳ ಜಾಲವೊಂದು 861 ರೋಗಿಗಳ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ ಬಂತು. ಶ್ವಾಸಕೋಶ ಗಂಭೀರವಾಗಿ ಹಾಳಾದವರಿಗೆ ವಾಡಿಕೆಯಂತೆ ದೇಹತೂಕದ ಕೆಜಿಗೆ 12 ಮಿಲಿಲೀಟರ್ ಗಾಳಿ ಕೊಟ್ಟ ಗುಂಪಿನಲ್ಲಿ ಶೇ 39.8 ಮಂದಿ ಸತ್ತರು. ಅದರ ಅರ್ಧ, ಅಂದರೆ 6 ಮಿಲಿಲೀಟರ್ ಕೊಟ್ಟವರಲ್ಲಿ ಶೇ 31. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಗುಂಡಿ ತಿರುಗಿಸಿದ್ದಷ್ಟೇ. ಅಲ್ಲಿಯವರೆಗೆ ಜಗತ್ತಿನಾದ್ಯಂತ ಒಳ್ಳೆಯ ಮನಸ್ಸಿನ, ನಿದ್ದೆಗೆಟ್ಟ ಡಾಕ್ಟರುಗಳು ಜೀವ ಉಳಿಸಲೆಂದೇ ಹೆಚ್ಚು ಗಾಳಿ ತಳ್ಳುತ್ತಿದ್ದರು. ಅದರಿಂದಲೇ ಎಷ್ಟು ಜನ ಹೋದರೋ, ಯಾರೂ ಎಣಿಸಿರಲಿಲ್ಲ. ಇಂದು ಬೆಳಗಾವಿಯ ಒಳ್ಳೆಯ ಐಸಿಯುಗಳಲ್ಲಿ ಸಿಸ್ಟರ್ ಒಬ್ಬರು ಟೇಪು ಹಿಡಿದು ಮಲಗಿದ ರೋಗಿಯ ಎತ್ತರ ಅಳೆಯುವುದನ್ನು ನೋಡಬಹುದು. ಶ್ವಾಸಕೋಶದ ಗಾತ್ರ ಹೊಟ್ಟೆಯ ಮೇಲಲ್ಲ, ಎತ್ತರದ ಮೇಲೆ ನಿಂತಿರುತ್ತದೆ. ಎತ್ತರದಿಂದ ತೂಕ ಲೆಕ್ಕ ಹಾಕಿ, ಅದರಿಂದ ಗಾಳಿಯ ಅಳತೆ. ಆ ಟೇಪು ಆ ಅಧ್ಯಯನದಿಂದ ಬಂದದ್ದು.

ಐಸಿಯುವಿನ ಬಾಗಿಲ ಹೊರಗೆ ನಿಂತವರಿಗೆ ಇದಾವುದೂ ಕಾಣುವುದಿಲ್ಲ. ಅಲ್ಲಿ ಚಾಪೆ ಹಾಸಿಕೊಂಡು, ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕೂತ ನಮ್ಮ ಕಡೆಯ ಮಂದಿ ಕೇಳುವುದು ಒಂದೇ ಮಾತು: "ಡಾಕ್ಟರ್ ಸಾಹೇಬ್ರ, ಹಿಂಗ ಮಷೀನ್ ಮ್ಯಾಲ ಇಟ್ಟವ್ರಾಗ ಎಷ್ಟ ಮಂದಿ ತಿರುಗಿ ಬರ್ತಾರ್ರೀ?" ಡಾಕ್ಟರು ಹೇಳುವುದೂ ಒಂದೇ: "ಈಗ್ಲೇ ಹೇಳಾಕ ಬರೂದಿಲ್ಲರೀ ಕಾಕಾ, ಮೂರ್ ದಿನಾ ನೋಡೂಣು." ಡಾಕ್ಟರು ಜಾರಿಕೊಳ್ಳುತ್ತಿದ್ದಾರೆ ಎಂದು ಮಂದಿ ತಿಳಿಯುತ್ತಾರೆ. ಆದರೆ ಅವರ ಪುಸ್ತಕದಲ್ಲಿರುವ ಅಂಕಿಗಳು ಹೆಚ್ಚಿನಂಶ ಬೋಸ್ಟನ್ನಿನವು, ಲಂಡನ್ನಿನವು, ಮೆಲ್ಬರ್ನಿನವು. ಅಲ್ಲಿನ ರೋಗಿ ಹೆಚ್ಚಾಗಿ ವಯಸ್ಸಾದವನು, ಬೇಗ ಆಸ್ಪತ್ರೆ ಸೇರಿದವನು. ಇಲ್ಲಿಯವನು ಮೂವತ್ತರ ರೈತ, ಬೆಳೆಗೆ ಹೊಡೆಯುವ ಎಣ್ಣೆ ಹೊಟ್ಟೆ ಸೇರಿದೆ, ಎರಡು ದವಾಖಾನೆ ಸುತ್ತಿ ಮೂರನೆಯದಕ್ಕೆ ಬಂದಿದ್ದಾನೆ.

ಸೀಮೆ ಬದಲಾದರೆ ಚಿಕಿತ್ಸೆಯ ಫಲವೂ ಬದಲಾಗಬಹುದೇ? ಆಫ್ರಿಕಾದಿಂದ ಬಂದ ಎರಡು ಅಧ್ಯಯನಗಳು ಈ ಪ್ರಶ್ನೆಗೆ ಬೆಚ್ಚಿಬೀಳಿಸುವ ಉತ್ತರ ಕೊಟ್ಟಿವೆ. ಸೋಂಕಿನಿಂದ ರಕ್ತಸಂಚಾರ ಕುಸಿದ ಮಗುವಿಗೆ ಬೇಗಬೇಗ ಸಲೈನ್ ಏರಿಸಬೇಕೆಂಬುದು ವೈದ್ಯಕೀಯದಲ್ಲಿ ಪ್ರಶ್ನೆಯೇ ಇಲ್ಲದ ಪಾಠವಾಗಿತ್ತು. ಕೀನ್ಯಾ, ಉಗಾಂಡಾ, ಟಾಂಜಾನಿಯಾಗಳಲ್ಲಿ 3,141 ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿದರು. 2011ರಲ್ಲಿ ಬಂದ ಫಲಿತಾಂಶದಲ್ಲಿ ಒಮ್ಮೆಲೇ ದ್ರವ ಏರಿಸಿದ ಮಕ್ಕಳಲ್ಲಿ 48 ಗಂಟೆಯೊಳಗಿನ ಸಾವು ಶೇ 10.6, ಹಾಗೆ ಏರಿಸದವರಲ್ಲಿ ಶೇ 7.3. ಆರು ವರ್ಷದ ನಂತರ ಝಾಂಬಿಯಾದ ಲುಸಾಕಾದಲ್ಲಿ ದೊಡ್ಡವರ ಮೇಲೆ ನಡೆಸಿದ ಇಂಥದೇ ಪರೀಕ್ಷೆಯ ಫಲಿತಾಂಶ ಬಂತು. ದ್ರವ, ರಕ್ತದೊತ್ತಡದ ಔಷಧ, ಎಲ್ಲ ಸೇರಿದ ತುರ್ತು ಕ್ರಮ ಪಾಲಿಸಿದ ಗುಂಪಿನಲ್ಲಿ ಶೇ 48 ಸಾವು, ಎಂದಿನ ಆರೈಕೆಯ ಗುಂಪಿನಲ್ಲಿ ಶೇ 33. ಶ್ವಾಸಕೋಶದಲ್ಲಿ ನೀರು ತುಂಬಿದರೆ ಹಿಡಿದು ನಿಲ್ಲಿಸಲು ವೆಂಟಿಲೇಟರು ಕೈಯಳತೆಯಲ್ಲಿ ಇರುವ ಊರಿನ ನಿಯಮ, ಅದಿಲ್ಲದ ಊರಿನಲ್ಲಿ ತಿರುಗುಬಾಣವಾಗಬಹುದು. ಈ ಅಂಕಿಗಳನ್ನು ಓದಿದ ಮೇಲೆ, ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಎರಡೂ ಕೈಗೆ ಬಾಟಲಿ ಹಚ್ಚಿ "ಬೆಳಗಾಂವಿಗೆ ಒಯ್ಯಿರಿ" ಎಂದು ಕಳಿಸುವ ಚೀಟಿಯನ್ನು ನಾನು ಮೊದಲಿನಷ್ಟು ನಿರಾಳವಾಗಿ ನೋಡಲಾರೆ. ಅದು ಸರಿಯೂ ಇರಬಹುದು. ಇಲ್ಲಿಯ ರೋಗಿಗಳಲ್ಲಿ ಎಣಿಸಿ ನೋಡಿದರೆ ಮಾತ್ರ ಗೊತ್ತಾದೀತು.

ಹೊಲದ ಎಣ್ಣೆಯ ವಿಷಯಕ್ಕೇ ಬರೋಣ. ಆರ್ಗನೊಫಾಸ್ಫೇಟ್ ವರ್ಗದ ಕೀಟನಾಶಕ ಒಳಹೊಕ್ಕರೆ ಬಾಯಿ, ಮೂಗು, ಶ್ವಾಸನಾಳ ಎಲ್ಲ ನೀರೊಡೆಯುತ್ತವೆ, ಉಸಿರಾಟದ ಸ್ನಾಯು ಸೋಲುತ್ತದೆ, ಎಷ್ಟೋ ಜನ ದಿನಗಟ್ಟಲೆ ವೆಂಟಿಲೇಟರಿನ ಮೇಲಿರುತ್ತಾರೆ. ಮುಖ್ಯ ಮದ್ದು ಅಟ್ರೋಪಿನ್, ಅಗ್ಗದ್ದು, ಹಳೆಯದು. ಕೊಟ್ಟದ್ದು ಸಾಕಾಯಿತೋ ಇಲ್ಲವೋ ನೋಡಲು ಅನುಭವಿ ವೈದ್ಯರು ಕಣ್ಣಿನ ಪಾಪೆ ನೋಡುತ್ತಾರೆ, ಎದೆಗೆ ಕಿವಿಗೊಡುತ್ತಾರೆ, ಮತ್ತೆ ರೋಗಿಯ ಕಂಕುಳಲ್ಲಿ ಕೈಯಿಟ್ಟು ನೋಡುತ್ತಾರೆ; ಬೆವರು ಆರಿದೆಯೆಂದರೆ ಮದ್ದು ಹಿಡಿದಿದೆ. ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ 2012ರ ಸುಮಾರಿಗೆ ಮಾಡಿದ ಸಣ್ಣ ಅಧ್ಯಯನವೊಂದು, ಅಟ್ರೋಪಿನ್ನನ್ನು ಪ್ರತಿ ಸಲ ದುಪ್ಪಟ್ಟು ಮಾಡುತ್ತ ಬೇಗ ಏರಿಸಿ ಆಮೇಲೆ ಡ್ರಿಪ್‌ನಲ್ಲಿ ಇಳಿಸಿದರೆ ಸಾವು ಶೇ 22.5ರಿಂದ 8ಕ್ಕೆ ಇಳಿಯಿತೆಂದು ತೋರಿಸಿತು. ಅದೇ ಮದ್ದು, ಕೊಡುವ ರೀತಿ ಮಾತ್ರ ಬೇರೆ.

ಇದರ ಜೊತೆಗೆ ಕೊಡುವ ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧದ ಕತೆ ಇನ್ನೂ ಮುಗಿದಿಲ್ಲ. 2006ರಲ್ಲಿ ಪುಣೆ ಜಿಲ್ಲೆಯ ಬಾರಾಮತಿಯಿಂದ, ಹೌದು, ನಮ್ಮ ಹಾಗೇ ಕಬ್ಬು, ಸಕ್ಕರೆ ಕಾರ್ಖಾನೆಗಳ ಊರಿನಿಂದ, 200 ರೋಗಿಗಳ ಅಧ್ಯಯನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಕೀರ್ತಿ ಪವಾರ್ ಮತ್ತು ಸಂಗಡಿಗರದು. ದೊಡ್ಡ ಪ್ರಮಾಣದಲ್ಲಿ ಸತತವಾಗಿ ಕೊಟ್ಟರೆ ಸಾವು ಶೇ 8ರಿಂದ 1ಕ್ಕೆ ಇಳಿಯುತ್ತದೆ, ವೆಂಟಿಲೇಟರಿನ ದಿನಗಳೂ ಕಡಿಮೆಯಾಗುತ್ತವೆ ಎಂದಿತು. ಮೂರು ವರ್ಷಕ್ಕೆ ಶ್ರೀಲಂಕಾದ 235 ರೋಗಿಗಳ ಅಧ್ಯಯನ ಬಂದು, ಔಷಧ ಕೊಟ್ಟವರಲ್ಲಿ ಶೇ 24.8, ಕೊಡದವರಲ್ಲಿ ಶೇ 15.8 ಸಾವು ಎಂದಿತು. ಬಾರಾಮತಿಯ ರೋಗಿಗಳು ಬೇಗ ಬಂದವರು, ಅಷ್ಟೇನೂ ವಿಪರೀತ ವಿಷವೇರದವರು. ಶ್ರೀಲಂಕಾದವರ ಸ್ಥಿತಿ ಬೇರೆ, ಕೀಟನಾಶಕವೂ ಬೇರೆ. ಹಾಗಾದರೆ ಹುಕ್ಕೇರಿಯಿಂದ ನಾಲ್ಕು ತಾಸು ತಡವಾಗಿ ಬಂದವನಿಗೆ ಯಾವ ಊರಿನ ಲೆಕ್ಕ ಅನ್ವಯಿಸಬೇಕು? ಒಬ್ಬ ಡಾಕ್ಟರು ಬಾರಾಮತಿಯನ್ನು ನಂಬುತ್ತಾರೆ, ಇನ್ನೊಬ್ಬರು ಶ್ರೀಲಂಕಾವನ್ನು. ಬಿಲ್ಲು ಮಾತ್ರ ಮನೆಯವರದು. (ಮನಸ್ಸು ಕೆಟ್ಟು ಹೊಲದ ಎಣ್ಣೆಯತ್ತ ಕೈ ಹೋಗುವ ಹೊತ್ತಿದ್ದರೆ, ನಿಮ್ಮದಾಗಲಿ ನಿಮ್ಮವರದಾಗಲಿ, ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ.)

ಹಾವಿನದು ಇನ್ನೊಂದು ಬಗೆ. ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ಹೊಲದ ಬದಿಯ ಜೋಪಡಿಯಲ್ಲಿ ನೆಲದ ಮೇಲೆ ಮಲಗುತ್ತಾರೆ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನಿದ್ದೆಯಲ್ಲಿ, ಗುರುತೇ ಸಿಗದ ಹಾಗೆ. ಬೆಳಗಿನ ಜಾವಕ್ಕೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಆಮೇಲೆ ಉಸಿರೇ ನಿಲ್ಲುವುದು. ಇಂಥ ರೋಗಿ ವೆಂಟಿಲೇಟರಿನ ಮೇಲೆ ಕೈಕಾಲು ಅಲ್ಲಾಡಿಸದೆ, ಕಣ್ಣಿನ ಪಾಪೆ ಬೆಳಕಿಗೆ ಕುಗ್ಗದೆ, ಮಿದುಳು ಸತ್ತವನ ಹಾಗೆಯೇ ಕಾಣಬಹುದು. ಆದರೆ ಒಳಗೆ ಪೂರ್ತಿ ಎಚ್ಚರ ಇರಬಹುದು, ಮಂಚದ ಬದಿ ಆಡಿದ ಮಾತೆಲ್ಲ ಕೇಳಿಸುತ್ತಿರಬಹುದು. ಉಸಿರು ಹಿಡಿದು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಎದ್ದು ನಡೆದು ಹೋದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಲಂಡನ್ನಿನ ಅಳತೆಗೋಲು ಹಿಡಿದು "ಇನ್ನು ಏನೂ ಉಳಿದಿಲ್ಲ" ಎಂದು ನಮ್ಮಲ್ಲಿ ಯಾರಾದರೂ ಹೇಳಿದರೆ ಏನಾದೀತು ಯೋಚಿಸಿ. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸಾಯುತ್ತಾರೆಂದು 2020ರ ಅಧ್ಯಯನ ಅಂದಾಜಿಸಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿತು. ಒಳ್ಳೆಯ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ತಂಡ ಹಾವಿನ ವಿಷ ಸೀಮೆಯಿಂದ ಸೀಮೆಗೆ ಹೇಗೆ ಬದಲಾಗುತ್ತದೆ, ಒಂದೇ ಪ್ರತಿವಿಷ ಎಲ್ಲ ಕಡೆ ಏಕೆ ಸಮನಾಗಿ ಹಿಡಿಯುವುದಿಲ್ಲ ಎಂಬುದನ್ನು ಬಿಡಿಸುತ್ತಿದೆ. ಆದರೆ ಪ್ರತಿವಿಷದ ಸೀಸೆ ಮತ್ತು ಎದ್ದು ನಡೆಯುವ ಮನುಷ್ಯ, ಇವೆರಡರ ನಡುವೆ ಆಂಬು ಬ್ಯಾಗು, ಹೆದ್ದಾರಿ, ವೆಂಟಿಲೇಟರು ಇವೆ. ಆ ನಡುವಿನ ಲೆಕ್ಕವೂ ಬೇಕು.

"ಇದೆಲ್ಲಾ ದೊಡ್ಡ ದೇಶದವ್ರ ಕೆಲಸರೀ, ನಮ್ಮ ಕಡೆ ಎಲ್ಲಿ ಆಗ್ತದ" ಎನ್ನುವವರಿಗೆ ನಮ್ಮ ಜಿಲ್ಲೆಯದೇ ಉತ್ತರ ಇದೆ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ 2002ರಿಂದ 2005ರವರೆಗೆ ಈ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ 1,620 ಬಾಣಂತಿಯರ ಅಧ್ಯಯನ ನಡೆಸಿತು. ಹೆರಿಗೆ ಮಾಡಿಸಿದವರು ಎಎನ್‌ಎಂ ಅಕ್ಕಂದಿರು, ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಹೆರಿಗೆಯಾದ ಕೂಡಲೇ ನುಂಗಿಸಿದರೆ ರಕ್ತಸ್ರಾವ ತಡೆಯಬಹುದೇ ಎಂಬುದು ಪ್ರಶ್ನೆ. ಸೋರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ, ಗೆರೆ ಗುರುತಿಟ್ಟ ಪ್ಲಾಸ್ಟಿಕ್ ಹಾಳೆಯ ಚೀಲವನ್ನು ಬಾಣಂತಿಯ ಕೆಳಗೆ ಹಾಸಿ ಅಳೆದರು. ಮಾತ್ರೆ ನುಂಗಿದವರಲ್ಲಿ ಅತಿರಕ್ತಸ್ರಾವ ಶೇ 6.4, ನುಂಗದವರಲ್ಲಿ ಶೇ 12. 2006ರ 'ಲ್ಯಾನ್ಸೆಟ್'ನಲ್ಲಿ ಬಂದ ಈ ಫಲಿತಾಂಶವನ್ನು ಇಂದು ಜಗತ್ತೆಲ್ಲ ಉಲ್ಲೇಖಿಸುತ್ತದೆ. ಕರೆಂಟು ಇಲ್ಲದ, ಫ್ರಿಡ್ಜಿಲ್ಲದ, ಇಂಜೆಕ್ಷನ್ ಕೊಡುವವರಿಲ್ಲದ ಕಡೆ ಏನು ಮಾಡಬೇಕೆಂಬುದನ್ನು ಅಂಥ ಕಡೆಯೇ ಕೂತು ಕಂಡುಕೊಂಡದ್ದು ಇದರ ದೊಡ್ಡಸ್ತಿಕೆ.

ಅದೇ ಬೆಳಗಾವಿ ಕೇಂದ್ರ ಇನ್ನೊಂದು ಅಧ್ಯಯನದಲ್ಲೂ ಇತ್ತು, ಅದರ ಪಾಠ ಕಹಿ. ಅವಧಿಗೆ ಮುಂಚೆ ಹೆರಿಗೆಯಾಗುವ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬಲಿಯುತ್ತದೆಂಬುದು ದೊಡ್ಡ ಆಸ್ಪತ್ರೆಗಳಲ್ಲಿ ಸಾಬೀತಾದದ್ದು. ಅದನ್ನು ಹಳ್ಳಿಗಳಿಗೆ ಒಯ್ದರೆ? ಆರು ದೇಶಗಳಲ್ಲಿ, ಹತ್ತಿರ ಹತ್ತಿರ ಒಂದು ಲಕ್ಷ ಹೆರಿಗೆಗಳಲ್ಲಿ ನೋಡಿದರು. ತೀರ ಸಣ್ಣ ಮಕ್ಕಳಿಗೆ ಲಾಭ ಕಾಣಲಿಲ್ಲ, ಒಟ್ಟಾರೆ ನವಜಾತ ಶಿಶುಗಳ ಸಾವು ಹೆಚ್ಚಾಯಿತು. ಮುಂದೆ 2020ರಲ್ಲಿ, ಗರ್ಭದ ವಯಸ್ಸು ಸರಿಯಾಗಿ ಅಳೆಯುವ, ಮಗುವಿಗೆ ಆರೈಕೆ ಇರುವ ಆಸ್ಪತ್ರೆಗಳಲ್ಲಿ ಮಾತ್ರ ಕೊಟ್ಟು ನೋಡಿದಾಗ, ಭಾರತವೂ ಸೇರಿ ಐದು ದೇಶಗಳಲ್ಲಿ, ಸಾವು ಕಡಿಮೆಯಾಯಿತು. ಔಷಧ ಒಂದೇ, ಸುತ್ತಲಿನ ವ್ಯವಸ್ಥೆ ಬೇರೆ, ಫಲ ತಿರುಗುಮುರುಗು. ಐಸಿಯುವಿನ ಪ್ರತಿಯೊಂದು ಚಿಕಿತ್ಸೆಯ ಬಗ್ಗೆಯೂ ಈ ಪ್ರಶ್ನೆ ಕೇಳಬೇಕಾಗಿದೆ.

ಕೊರೊನಾ ಕಾಲದಲ್ಲಿ ನಾವು ಇದನ್ನು ಮೈಮೇಲೆ ಅನುಭವಿಸಿದೆವು. ಪ್ಲಾಸ್ಮಾ ಬೇಕು, ಯಾರಾದರೂ ಕೊಡಿ ಎಂದು ವಾಟ್ಸಾಪಿನಲ್ಲಿ ದಿನಕ್ಕೆ ಹತ್ತು ಮೊರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಪರೀಕ್ಷಿಸಿ, ಇದರಿಂದ ಪ್ರಯೋಜನವಿಲ್ಲವೆಂದು 2020ರಲ್ಲೇ ಹೇಳಿತು. ನಮ್ಮದೇ ನೆಲದ, ಶಿಸ್ತಾಗಿ ಮಾಡಿದ ಕೆಲಸ. ಆದರೂ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆ ಹೊಡೆದ ಮೇಲೆ. ಅತ್ತ ಬ್ರಿಟನ್ನಿನಲ್ಲಿ, ಆಸ್ಪತ್ರೆಗೆ ಬಂದವರನ್ನು ಒಂದೇ ಸರಳ ಅಧ್ಯಯನಕ್ಕೆ ಸೇರಿಸುತ್ತ ಹೋಗಿ, ಮೂರೇ ತಿಂಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರಿನ ಮೇಲಿದ್ದವರ ಸಾವನ್ನು ಶೇ 41ರಿಂದ 29ಕ್ಕೆ ಇಳಿಸುತ್ತದೆಂದು ಕಂಡುಕೊಂಡರು. ನಮ್ಮ ತಾಲ್ಲೂಕಿನ ಔಷಧದಂಗಡಿಗಳಲ್ಲಿ ಕೆಲವೇ ರೂಪಾಯಿಗೆ ಸಿಗುತ್ತಿದ್ದ ಔಷಧ ಅದು.

"ನಮ್ಮ ಮಂದಿ ಮ್ಯಾಲ ಪ್ರಯೋಗ ಮಾಡ್ತೀರೇನು?" ಎಂಬ ಸಿಟ್ಟು ನನಗೆ ಗೊತ್ತು, ಅದಕ್ಕೆ ಕಾರಣಗಳೂ ಇವೆ. ಒಪ್ಪಿಗೆ ಪತ್ರ ಓದಲು ಬಾರದ ಬಡವರನ್ನು ಔಷಧ ಪರೀಕ್ಷೆಗಳಿಗೆ ಬಳಸಿದರೆಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಆಮೇಲೆ ಕಾನೂನು ಬಿಗಿಯಾಯಿತು. 2009ರಿಂದ ಪ್ರತಿ ಔಷಧ ಪರೀಕ್ಷೆಯೂ ಸಾರ್ವಜನಿಕ ದಾಖಲೆಗೆ ಸೇರಬೇಕು, 2019ರ ನಿಯಮಗಳು ಪರಿಹಾರವನ್ನೂ ನೀತಿ ಸಮಿತಿಯ ಹೊಣೆಯನ್ನೂ ಸ್ಪಷ್ಟಪಡಿಸಿವೆ. ಆದರೆ ಪ್ರಜ್ಞೆ ಇಲ್ಲದ ರೋಗಿಯ ಪರವಾಗಿ, ನಡುರಾತ್ರಿ, ಅಡ್ವಾನ್ಸ್ ಕಟ್ಟಲು ಓಡಾಡುತ್ತಿರುವ ತಮ್ಮನೊಬ್ಬ ಹಾಕುವ ಸಹಿ ಎಷ್ಟು ಸ್ವತಂತ್ರವಾದದ್ದು? ಈ ಪ್ರಶ್ನೆಗೆ ಕಾಗದ ಉತ್ತರವಲ್ಲ. ಕನ್ನಡದಲ್ಲಿ, ಮರಾಠಿಯಲ್ಲಿ, ನೆಲದ ಮೇಲೆ ಜೊತೆಗೆ ಕೂತು ಹೇಳುವವರು ಬೇಕು. ಇನ್ನೊಂದು ಮಾತೂ ನಿಜ: ಯಾವ ಅಧ್ಯಯನವೂ ಇಲ್ಲದ ಐಸಿಯುವಿನಲ್ಲೂ ಒಬ್ಬ ಡಾಕ್ಟರಿನಿಂದ ಇನ್ನೊಬ್ಬ ಡಾಕ್ಟರಿಗೆ ಮದ್ದು ಬದಲಾಗುತ್ತಲೇ ಇರುತ್ತದೆ. ಅದೂ ಪ್ರಯೋಗವೇ, ಬರೆದಿಡದ ಪ್ರಯೋಗ.

ಬರೆದಿಡುವುದಕ್ಕೂ ನಮ್ಮಲ್ಲಿ ಒಂದು ತೊಡಕಿದೆ. ಹಣ ಮುಗಿದಾಗ, ಆಸೆ ಕಡಿಮೆಯಾದಾಗ, ಹಿರಿಯರು ಒಬ್ಬರು ಎದ್ದು "ಸಾಕ್ರೀ, ಮನೀಗೆ ಒಯ್ತೀವಿ" ಎನ್ನುತ್ತಾರೆ. ಸ್ವಂತ ಮನೆಯಲ್ಲಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಮೊಮ್ಮಕ್ಕಳ ಕೈಯಿಂದ ನೀರು ಕುಡಿದು ಹೋಗಬೇಕೆಂಬುದು ಈ ಸೀಮೆಯ ಮರ್ಯಾದೆ. ಊರ ಅಗಸಿಯವರೆಗೆ ಆಂಬು ಬ್ಯಾಗು ಹಿಂಡುತ್ತಲೇ ಬರುತ್ತಾರೆ. ಆಸ್ಪತ್ರೆಯ ಪುಸ್ತಕದಲ್ಲಿ ಆತ ಸತ್ತವನಲ್ಲ, "ವೈದ್ಯರ ಸಲಹೆ ಮೀರಿ ಹೋದವನು". ಇಂಥವರನ್ನು ಬಿಟ್ಟು ಬರೆದ ಅಂಕಿ ಯಾವುದೇ ಇರಲಿ, ನನ್ನ ದೃಷ್ಟಿಯಲ್ಲಿ ಅದು ಸುಳ್ಳಿನ ಅಂಕಿ. ಹಾಗೆಯೇ ಬದುಕಿ ಮನೆಗೆ ಹೋದವರನ್ನೂ ಯಾರೂ ಹಿಂಬಾಲಿಸುವುದಿಲ್ಲ. ಆರು ತಿಂಗಳಿಗೆ ಆತ ಮತ್ತೆ ಹೊಲಕ್ಕೆ ಹೋದನೇ, ಎತ್ತು ಮಾರಿದರೇ, ಹೊಲ ಅಡವಿಟ್ಟರೇ?

ಚಿಕಿತ್ಸೆ ನಿಲ್ಲಿಸುವ ಹಕ್ಕು ಕಾನೂನಿನಲ್ಲಿ ಈಗ ಇದೆ. ಉತ್ತರ ಕನ್ನಡದ ಹಳದೀಪುರದ ನರ್ಸ್ ಅರುಣಾ ಶಾನಭಾಗ್ ಮುಂಬೈಯ ಕೆಇಎಂ ಆಸ್ಪತ್ರೆಯ ಮಂಚದ ಮೇಲೆ ಹತ್ತಿರ ಹತ್ತಿರ 42 ವರ್ಷ ಕಳೆದದ್ದು, 2011ರಲ್ಲಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ಅದೇ ಕೋರ್ಟಿನ 2018ರ ಮತ್ತು 2023ರ ಆದೇಶಗಳು, ಕೊನೆಗೆ 2025ರ ಜನವರಿಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆ ಘನತೆಯ ಸಾವಿನ ಹಕ್ಕಿಗೆ ಹೊರಡಿಸಿದ ಆದೇಶ, ಇವೆಲ್ಲ ಓದುಗರಿಗೆ ಗೊತ್ತಿರುವ ಹಾದಿ. ವೈದ್ಯರ ಮಂಡಳಿಗಳು ಕೂತು, ಚೇತರಿಕೆಯ ಆಸೆ ಇಲ್ಲವೆಂದು ಹೇಳಬೇಕು. ಯಾವ ಆಧಾರದ ಮೇಲೆ ಹೇಳುತ್ತಾರೆ? ಕಟ್ಟುಹಾವಿನ ರೋಗಿಯನ್ನು ನೆನೆಸಿಕೊಳ್ಳಿ. ಮುಂದುವರಿಸಲು ಬೇಕಾದ ಪುರಾವೆಯೇ ನಿಲ್ಲಿಸಲೂ ಬೇಕು.

ಆಗಬೇಕಾದದ್ದು ಕೋಟಿಗಟ್ಟಲೆಯ ಕೆಲಸವಲ್ಲ. ಬೆಳಗಾವಿಯ ಸರ್ಕಾರಿ ಆಸ್ಪತ್ರೆ ಬಿಮ್ಸ್, ಕೆಎಲ್‌ಇ, ತಾಲ್ಲೂಕು ಆಸ್ಪತ್ರೆಗಳು, 108ರ ಆಂಬುಲೆನ್ಸ್‌ಗಳು ಒಂದೇ ನಮೂನೆಯ ಒಂದು ಹಾಳೆ ತುಂಬಲಿ: ಯಾವ ಊರು, ಎಷ್ಟು ಹೊತ್ತಿಗೆ ಹೊರಟದ್ದು, ದಾರಿಯಲ್ಲಿ ಉಸಿರು ಕೊಟ್ಟವರು ಯಾರು, ಯಂತ್ರದ ಮೇಲೆ ಎಷ್ಟು ದಿನ, ಆಮೇಲೆ ಏನಾಯಿತು. ಗಡಿಯಾಚೆ ಕೊಲ್ಹಾಪುರಕ್ಕೆ ಹೋದವರೂ ಆ ಲೆಕ್ಕದಲ್ಲಿರಲಿ. ಚೆನ್ನೈಯಿಂದ ನಡೆಯುವ ಐಸಿಯು ದಾಖಲೆ ಜಾಲವೊಂದು ಈಗಾಗಲೇ ಈ ದಾರಿ ತೋರಿಸಿದೆ. ಹಾಳೆ ಇದ್ದರೆ ಅದರ ಮೇಲೆ ಪ್ರಶ್ನೆ ಕಟ್ಟಬಹುದು, ಬಾರಾಮತಿಯವರು ಕಟ್ಟಿದ ಹಾಗೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯವರು ಐಸಿಯುವಿನಿಂದ ಹೊರಬಂದ ಮೂರು ತಿಂಗಳಿಗೋ ಆರು ತಿಂಗಳಿಗೋ ಗುರುತಿಲ್ಲದ ನಂಬರಿನಿಂದ ಫೋನು ಬಂದು, "ಪೇಷಂಟ್ ಈಗ ಹೆಂಗ ಅದಾರ್ರೀ?" ಎಂದು ಆಸ್ಪತ್ರೆಯವರು ಕೇಳಿದರೆ, ಬಿಲ್ಲಿನ ಸಿಟ್ಟು ಒಂದು ಗಳಿಗೆ ಬದಿಗಿಟ್ಟು ಉತ್ತರ ಹೇಳಿ. ಬದುಕಿದ್ದರೂ ಹೇಳಿ, ಹೋಗಿದ್ದರೂ ಹೇಳಿ.